ಸಮುದ್ರ ಇಲ್ಲದ ಬೆಳಗಾವಿ–ವಿಜಾಪುರ ಸೀಮೆಯೊಳಗ ಉಪ್ಪಿನ ಕಾಯ್ದೆ ಹೆಂಗ ನಡೀತಿತ್ತು?

ಗೋಕಾಕ ಕರದಂಟು
ಎಲ್ಲಾರಿಗೂ ನಮಸ್ಕಾರ್ರಿ. ಉಪ್ಪಿನ ಸತ್ಯಾಗ್ರಹ ಅಂದ ಕೂಡ್ಲೆ ದಂಡಿ, ಅಂಕೋಲಾ ಅಂತೀವಿ. ಎರಡೂ ಸಮುದ್ರದ ಊರು. ನಮ್ಮ ಬೆಳಗಾವಿ, ಕಲಾದಗಿ, ವಿಜಾಪುರ ಕಡೆ ಉಪ್ಪಿನ ಗದ್ದೇನೂ ಇಲ್ಲ, ಬಂದರಾನೂ ಇಲ್ಲ. ಹಂಗಿದ್ರ ಬ್ರಿಟಿಷ್ ಸರಕಾರದ ಉಪ್ಪಿನ ಹಿಡಿತ ನಮ್ಮ ಮಂದಿಗೆ ತಟ್ಟಿದ್ದಾದ್ರೂ ಹೆಂಗ? ಅಂಗಡಿಯೊಳಗ ಬರೇ ತುಟ್ಟಿ ಆಗಿತ್ತೋ, ಇಲ್ಲಾ ಇಲ್ಲೂ ಏನರ ಬಂದ್ ಮಾಡಿಸಿದ್ರೋ? ಕರ ಎಲ್ಲಿ ಕಟ್ಟಬೇಕಿತ್ತು, ಯಾರು ಕಟ್ಟತಿದ್ರು, ಎಷ್ಟು? ಗೊತ್ತಿದ್ದವರು ಬಿಡಿಸಿ ಬರೀರಿ. “ಬಾಳ ಅನ್ಯಾಯ ಆತು” ಅನ್ನೋ ಮಾತು ಎಲ್ಲಾ ಕಡೆ ಸಿಗ್ತದ, ಕೆಲಸ ಹೆಂಗ ನಡೀತಿತ್ತು ಅನ್ನೋದು ಸಿಗೋದಿಲ್ಲ.

ಶಹಾಪುರ ಓಣಿ
ಇಂಗ್ಲಂಡಿನ ಲಿವರಪೂಲ್ ಉಪ್ಪು ಮಾರಾಕ ನಮ್ಮ ಉಪ್ಪು ನಿಲ್ಲಿಸಿದ್ರು. ಅಷ್ಟ ಕತಿ. ಅದಕ್ಕಂತನ ದೇಶದ ನಡುವ ಸಾವಿರಾರು ಮೈಲಿ ಮುಳ್ಳಿನ ಬೇಲಿ ಬೆಳೆಸಿದ್ರಲ್ಲ.

ದಫ್ತರದಂವ
ಶಹಾಪುರದವರ, ಎರಡೂ ಇದ್ದದ್ದು ಖರೇನ, ಆದ್ರ ನಮ್ಮ ಕಡೀವಲ್ಲ. ಲಿವರಪೂಲ್ ಉಪ್ಪು ಹೋಗಿದ್ದು ಬಂಗಾಲಕ್ಕ. ಮುಂಬಯಿ ಇಲಾಖೆಯೊಳಗ (ಅಂದ್ರ ಮುಂಬಯಿ ಪ್ರಾಂತ್ಯ, ನಮ್ಮ ಸೀಮಿ ಅದರಾಗ ಇತ್ತು) ತಿಂದಿದ್ದು ಕೊಂಕಣದ ಉಪ್ಪು, ಗುಜರಾತದ ಉಪ್ಪು. ಮುಳ್ಳುಬೇಲಿ ಅಂತೀರಲ್ಲ, ಅದು ಉತ್ತರದ ಸುಂಕದ ಗಡಿ. ಸಿಂಧೂ ನದಿ ಕಡಿಂದ ಬುರ್ಹಾನಪುರದ ತನಕ ಬಂದು ಅಲ್ಲಿಂದ ಮಹಾನದಿ ಕಡೆ ತಿರುಗತಿತ್ತು. 1879ಕ್ಕ ತಗದ್ರು. ಕೃಷ್ಣಾ ನದಿ ಸಮೀಪಕ್ಕ ಸೈತ ಬರಲಿಲ್ಲ.

ಇನ್ನೊಂದು. “ಏಕಸ್ವಾಮ್ಯ” ಅಂತ ಎಲ್ಲಾದಕ್ಕೂ ಒಂದ ಪದ ಹಚ್ಚಬ್ಯಾಡ್ರಿ. ಮೂರು ಥರ ಇತ್ತು. ಬಂಗಾಲದೊಳಗ ವಾರನ್ ಹೇಸ್ಟಿಂಗ್ಸ್ ಕಾಲದಿಂದ ಕಂಪನೀನ ಮಾಲಕ. ಮದ್ರಾಸಿನೊಳಗ 1805ರಿಂದ ಏಕಸ್ವಾಮ್ಯ: ಬೆಳೆಯೋರು ಬೆಳೀಬೇಕು, ಸರಕಾರಕ್ಕ ಅದು ಹೇಳಿದ ದರಕ್ಕ ಕೊಡಬೇಕು, ಆ ದರಕ್ಕ ‘ಕುಡಿವಾರ’ ಅಂತಿದ್ರು. ಆಮ್ಯಾಲೆ ಸರಕಾರ ತನ್ನ ಬೆಲೆ ಹಚ್ಚಿ ಮಾರತಿತ್ತು. ಮುಂಬಯಿಯೊಳಗ 1837ರಿಂದ ಬ್ಯಾರೆ ಪದ್ಧತಿ. ಆಗರ (ಉಪ್ಪು ಬೆಳೆಯೋ ಗದ್ದೆ) ಖಾಸಗಿಯವ್ರದೂ ಇರಬಹುದು, ಆದ್ರ ಲೈಸನ್ಸ್ ಇಲ್ಲದ ಒಂದು ಹಿಡಿ ಮಾಡೋಹಂಗಿಲ್ಲ, ಸುಂಕ ಕಟ್ಟದ ಒಂದು ಹಿಡಿ ಹೊರಗ ಒಯ್ಯೋಹಂಗಿಲ್ಲ. ಕಛ್‌ನ ರಣದ ದಂಡಿಗೆ ಖಾರಾಘೋಡಾದಾಗ 1870ರ ದಶಕದಲ್ಲಿ ಸರಕಾರ ತಾನ ಕಾರಖಾನೆ ನಡಿಸ್ತು. ಅದು ಮಾತ್ರ ಪೂರಾ ಸರಕಾರದ್ದು.

ಆಗರದ ಕಟ್ಟೆ
ಕಾರವಾರ ಜಿಲ್ಲೆಯವರಾಗಿ ಒಂದು ಸೇರ್ಪಡೆ. ಉತ್ತರ ಕನ್ನಡ 1862ರವರೆಗೆ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಆಮೇಲೆ ಮುಂಬಯಿಗೆ ಬಂತು. ಹಾಗಾಗಿ ಗೋಕರ್ಣದ ಹತ್ತಿರದ ಸಾಣಿಕಟ್ಟಾ ಆಗರ ಮದ್ರಾಸಿನ ಕುಡಿವಾರವನ್ನೂ ಮುಂಬಯಿಯ ಸುಂಕವನ್ನೂ ಎರಡನ್ನೂ ಕಂಡಿದೆ. “ಏಕಸ್ವಾಮ್ಯ ಅಲ್ಲ, ಬರೀ ಸುಂಕ” ಎಂದು ಹಗುರ ಮಾಡುವುದು ನನಗೆ ಒಪ್ಪಿಗೆ ಇಲ್ಲ. ಯಾರು ಮಾಡಬೇಕು, ಎಲ್ಲಿ ಮಾಡಬೇಕು, ಎಲ್ಲಿ ರಾಶಿ ಹಾಕಬೇಕು, ಯಾವಾಗ ತೂಗಬೇಕು, ಎಲ್ಲವೂ ಉಪ್ಪಿನ ಇಲಾಖೆಯ ಅಪ್ಪಣೆ. ಕಾವಲಿಗೆ ಅನುಕೂಲ ಆಗಲಿ ಎಂದು ಸಣ್ಣ ಆಗರಗಳನ್ನು ಮುಚ್ಚಿಸಿದರು. ಹಳ್ಳದ ಕೋಡಿಯಲ್ಲಿ ತಾನಾಗಿ ಕಟ್ಟಿದ ಉಪ್ಪನ್ನು ಸಹ ಕೆಸರಲ್ಲಿ ತುಳಿಸಿ ಹಾಳು ಮಾಡಿಸುತ್ತಿದ್ದರು. ಇದಕ್ಕೆ ಬೇರೆ ಯಾವ ಹೆಸರು ಕೊಡುತ್ತೀರಿ?

ದಫ್ತರದಂವ
ಹೆಸರಿನ ಮ್ಯಾಲೆ ಜಗಳ ಇಲ್ಲ ಸರ. ಹಿಡಿತ ಅಷ್ಟ ಬಿಗಿ ಇತ್ತು, ಒಪ್ಪತೀನಿ. ಆದ್ರ ಬೆಳಗಾವಿ ಅಂಗಡಿಕಾರಗ ಉಪ್ಪು ಮಾರಾಕ ಸರಕಾರದ ಪರವಾನಗಿ ಬೇಕಿರಲಿಲ್ಲ. ಸುಂಕ ಆಗರದ ಬಾಗಲಿನ್ಯಾಗ ಮುಗೀತು, ದಾರಿಯೊಳಗಿನ ನಾಕೆ (ತಪಾಸಣೆ ಠಾಣೆ) ದಾಟಿದ ಮ್ಯಾಲೆ ಮಾಲಿಗೆ ಅಡ್ಡಿ ಇಲ್ಲ. ಮೂಲ ಪ್ರಶ್ನೆಗೆ ಇದ ಉತ್ತರ: ಕರ ಕಟ್ಟೋ ಜಾಗ ನಮ್ಮ ಕಣ್ಣಿಗೆ ಬೀಳದಷ್ಟು ದೂರ ಇತ್ತು.

ಕ್ರಮ ಹಿಂಗ. ವ್ಯಾಪಾರಿ ಮೊದಲು ಖಜಾನೆಯೊಳಗ ರೊಕ್ಕ ತುಂಬಬೇಕು. ಚಲನ್ ತೋರಿಸಿ ಪರವಾನಗಿ ತಗೋಬೇಕು. ಆಗರಕ್ಕ ಹೋದ್ರ ಇಲಾಖೆ ನೌಕರನ ಮುಂದ ರಾಶಿ ಒಡದು ತೂಕ. ಚೀಲ, ಎತ್ತು ಎಣಿಸಿ ರವಾನೆ ಚೀಟಿ. ನಾಕೆದೊಳಗ ಚೀಟಿ ಮತ್ತ ತಾಳೆ. ಚೀಟಿಗಿಂತ ಮಾಲು ಹೆಚ್ಚಾತೋ, ಕಳ್ಳ ಉಪ್ಪು ಅಂತ ಜಪ್ತಿ. ಘಟ್ಟ ಹತ್ತೋವಾಗ ಮಳಿಗೆ ಸಿಕ್ಕು ಕರಗಿದ್ರ ಆ ಲುಕ್ಸಾನು ವ್ಯಾಪಾರಿದು, ಸುಂಕ ವಾಪಸ ಇಲ್ಲ. ಅಂವ ಅದನ್ನ ಗಿರಾಕಿ ಮ್ಯಾಲೆ ಹೇರ್ತಿದ್ದ.

ಲೆಕ್ಕದ ಚೋಪಡಿ
ಎಷ್ಟು ಅಂತ ಕೇಳ್ಯಾರ, ಹೇಳ್ತೀನಿ. ಮುಂಬಯಿ ಇಲಾಖೆ, ಒಂದು ಬಂಗಾಲಿ ಮಣಕ್ಕ (40 ಸೇರು, ಈಗಿನ 37.3 ಕಿಲೋ) ಸುಂಕ:

1837ಕ್ಕ 8 ಆಣೆ (ರೂಪಾಯಿಗೆ 16 ಆಣೆ). 1844ಕ್ಕ ಒಮ್ಮೆಲೆ 1 ರೂಪಾಯಿ ಮಾಡಿದ್ರು, ಸೂರತ್ತಿನೊಳಗ ಮಂದಿ ದಂಗೆ ಎದ್ರು, 12 ಆಣೆಗೆ ಇಳಿಸಿದ್ರು. 1857ರ ಬಂಡಾಯದ ಖರ್ಚು ಬಂದ ಮ್ಯಾಲೆ 1859ಕ್ಕ 1 ರೂ. ಅಲ್ಲಿಂದ ಏರಿಕೇನ: 1861ಕ್ಕ 1 ರೂ 4 ಆಣೆ, 1865ಕ್ಕ 1 ರೂ 8 ಆಣೆ, 1869ಕ್ಕ 1 ರೂ 13 ಆಣೆ. 1877ರ ಡಿಸೆಂಬರಕ್ಕ 2 ರೂ 8 ಆಣೆ. 1882ಕ್ಕ 2 ರೂ, 1888ಕ್ಕ ಮತ್ತ 2 ರೂ 8 ಆಣೆ. 1903ರಿಂದ ಇಳಿಯಾಕ ಹತ್ತಿ 1907ಕ್ಕ 1 ರೂ. 1916ಕ್ಕ, ಯುದ್ಧದಾಗ, 1 ರೂ 4 ಆಣೆ. 1923ಕ್ಕ ಶಾಸನಸಭೆ ಬ್ಯಾಡ ಅಂದ್ರೂ ವೈಸರಾಯ್ ತನ್ನ ಅಧಿಕಾರ ಹಾಕಿ ಇಮ್ಮಡಿ ಮಾಡಿದ, ಮರುವರ್ಷ ಹಿಂದ ಸರದ್ರು. 1930ರೊಳಗ 1 ರೂ 4 ಆಣೆ ಇತ್ತು.

2 ರೂ 8 ಆಣೆ ಅಂದ್ರ 40 ಆಣೆ. 40 ಸೇರಿಗೆ 40 ಆಣೆ. ಸೇರಿಗೆ ಒಂದಾಣೆ ಬರೇ ಕರ, ಉಪ್ಪಿನ ಕಿಮ್ಮತ್ತು, ಸಾಗಾಟ, ಲಾಭ ಎಲ್ಲಾ ಬ್ಯಾರೆ. ಐದು ಮಂದಿ ಮನಿಗೆ ವರ್ಷಕ್ಕ 25 ಕಿಲೋ ಹಿಡೀರಿ, ಸುಮಾರು 27 ಸೇರು. ಕರಾನ 1 ರೂ 11 ಆಣೆ.

ಕಲಾದಗಿ ದಾಳಿಂಬ್ರಿ
ಚೋಪಡಿ ಅಣ್ಣಾರು 1877ರ ಡಿಸೆಂಬರ್ ಅಂದಿದ್ದನ್ನ ಹಂಗ ದಾಟಿ ಹೋಗಬ್ಯಾಡ್ರಿ. ಅದು 1876–78ರ ಬರದ ಕಾಲ. ಕಲಾದಗಿ ಜಿಲ್ಲೆ (ಅವಾಗ ವಿಜಾಪುರ ಜಿಲ್ಲೆ ಅಂತ ಹೆಸರಿರಲಿಲ್ಲ, ಕಚೇರಿ ವಿಜಾಪುರಕ್ಕ ಹೋಗಿದ್ದು 1880ರ ದಶಕದಾಗ) ಇಡೀ ಇಲಾಖೆಯೊಳಗ ಭಾಳ ಹೊಡತ ತಿಂದ ಜಿಲ್ಲೆಗಳೊಳಗ ಒಂದು. ಅದ ವರ್ಷ ಜನವರಿಯೊಳಗ ಬರ ನೋಡಾಕ ಸರಕಾರ ಕಳಿಸಿದ್ದ ಅಧಿಕಾರಿ ರಿಚರ್ಡ್ ಟೆಂಪಲ್ ಬರಗಾಲದ ಕೆಲಸಕ್ಕ ಹಚ್ಚಿದ ಕೂಲಿ ಏನಂದ್ರ, ಗಂಡಾಳಿಗೆ ದಿನಕ್ಕ ಒಂದು ಪೌಂಡು ಕಾಳು, ಮ್ಯಾಲೆ ಒಂದೀಟು ಚಿಲ್ಲರೆ ರೊಕ್ಕ. 450 ಗ್ರಾಂ ಜೋಳದ ಮ್ಯಾಲೆ ದಿನಪೂರ್ತಿ ಖಡಿ ಒಡೀಬೇಕು. ಆ ಚಿಲ್ಲರೆಯೊಳಗ ಬ್ಯಾಳಿ, ಖಾರ, ಉಪ್ಪು, ಉರುವಲ ಎಲ್ಲಾ.

ಅಂಥಾ ವರ್ಷದ ಕೊನಿಗೆ ಸೇರಿಗೆ ಒಂದಾಣೆ ಕರ ಮಾಡ್ತಾರ.  ಕಾರಣ ಏನು ಕೊಟ್ರು? ಉತ್ತರದ ದರಕ್ಕೂ ದಕ್ಷಿಣದ ದರಕ್ಕೂ ಸಮ ಮಾಡಬೇಕು, ಆ ಮುಳ್ಳುಬೇಲಿ ತಗೀಬೇಕು ಅಂತ. ಉತ್ತರದವರಿಗೆ ಇಳೀತು, ಬರ ಬಿದ್ದ ಮುಂಬಯಿ, ಮದ್ರಾಸಿಗೆ ಏರಿತು. ಬೇಲಿ ನಮ್ಮ ಕಡೆ ಬರಲಿಲ್ಲ ಅಂತ ದಫ್ತರದವರು ಅಂದ್ರು. ಅದನ್ನ ಕೀಳೋ ಖರ್ಚು ಮಾತ್ರ ನಮ್ಮ ಮಂದಿ ಗಂಜ್ಯಾಗಿಂದ ಹೋತು.

ಗೋಕಾಕ ಕರದಂಟು
ಅಕ್ಕಾರ, ಇದು ಎಲ್ಲಿಯೂ ಜೋಡಿಸಿ ಹೇಳಿದ್ದಿಲ್ಲ. ಧನ್ಯವಾದ್ರಿ. ಜಮಖಂಡಿ, ಮುಧೋಳ, ರಾಮದುರ್ಗ ಸಂಸ್ಥಾನದ ಮಂದಿಗೂ ಇದ ಕರ ಬೀಳ್ತಿತ್ತೇನು?

ದಫ್ತರದಂವ
ಬೀಳ್ತಿತ್ತು. ಅವ್ರ ಉಪ್ಪೂ ಅದ ಆಗರದಿಂದ, ಅದ ನಾಕೆ ದಾಟಿ ಬರ್ತಿತ್ತು. ಸುಂಕ ಮೊದಲ ಕಟ್ಟಿ ಆಗಿರ್ತಿತ್ತು. ಸಂಸ್ಥಾನದ ಪ್ರಜೆ ಅಂತ ಉಪ್ಪಿನ ಹರಳಿಗೆ ಗೊತ್ತಿರೋದಿಲ್ಲಲ್ರಿ.

ಇಂಡಿ ಲಿಂಬಿ
ಚೋಪಡಿಯವರ ಲೆಕ್ಕದೊಳಗ ಒಂದು ತೊಡಕು ಅದ. ನೀವು ಹಿಡಿದದ್ದು ತೂಕದ ಸೇರು, 80 ತೊಲಿ, 933 ಗ್ರಾಂ. ನಮ್ಮ ಕಡೆ ಸಂತ್ಯಾಗ ಸೇರು ಅಂದ್ರ ಅಳತಿ: ಸೇರು, ಅಚ್ಛೇರು, ಪಾವು, ಚಟಾಕು, ಎಲ್ಲಾ ಡಬ್ಬಿ ಅಳತಿ. ಆಗರದಾಗ ತೂಕ, ಅಂಗಡ್ಯಾಗ ಅಳತಿ. ಲಾಭ ಹುಟ್ಟೋದು ಈ ಸಂದಿನ್ಯಾಗ. ದಪ್ಪ, ಪೊಳ್ಳು ಹರಳಿನ ಉಪ್ಪು ಕಮ್ಮಿ ತೂಕಕ್ಕ ಸೇರು ತುಂಬ್ತದ. ಸಣ್ಣ, ಗಟ್ಟಿ ಉಪ್ಪು ಅದ ಸೇರಿನೊಳಗ ಹೆಚ್ಚು ತೂಗ್ತದ. ಸುಂಕ ಏರಿದಂಗ ವ್ಯಾಪಾರಿಗೆ ಪೊಳ್ಳು ಉಪ್ಪ ಬೇಕಾಗ್ತದ. ಸೇರು ಕುಲುಕಿ ಅಳದ್ರ ಒಂದು, ಮ್ಯಾಲಿಂದ ಸುರುವಿ ಅಳದ್ರ ಒಂದು. ಬಡವ್ರು ಪಾವು, ಚಟಾಕಿನ ಲೆಕ್ಕದಾಗ ಕೊಳ್ಳೋರು, ಸಣ್ಣ ಅಳತಿಯೊಳಗ ಮೋಸ ಹೆಚ್ಚು. ಸೇರಿಗೆ ಒಂದಾಣೆ ಅನ್ನೋದು ಕಾಗದದ ಮ್ಯಾಲಿನ ಕರ, ಬಡವನ ಕೈಯಿಂದ ಹೋಗಿದ್ದು ಅದಕ್ಕಿಂತ ಹೆಚ್ಚು.

ಲೆಕ್ಕದ ಚೋಪಡಿ
ಹೌದ್ರಿ, ಅಳತಿ ಸೇರಿಗೆ ತೂಕದ ಕರ ಹಚ್ಚಿದ್ರ ಅಂಕಿ ಜಾರ್ತದ. ಮಣದ ದರ ಮಾತ್ರ ಗಟ್ಟಿ.

ಖಾನಾಪುರ ಘಟ್ಟ
ಗೋವಾ ಬಿಟ್ಟು ಬೆಳಗಾವಿ ಉಪ್ಪಿನ ಕತಿ ಪೂರಾ ಆಗೂದಿಲ್ಲ. ನಮಗ ಎಲ್ಲಾದಕ್ಕಿಂತ ಹತ್ರದ ಆಗರ ಪೋರ್ಚುಗೀಜರ ಕೈಯಾಗ ಇದ್ವು. ಅಲ್ಲಿ ಬ್ರಿಟಿಷ್ ಸುಂಕ ಇಲ್ಲ. ರಾಮಘಾಟ, ಚೋರ್ಲಾ, ತಿನೈಘಾಟ ಕಡಿಂದ ಒಂದು ಎತ್ತಿನ ಹೇರು, ಸುಮಾರು ಮೂರು ಮಣ, ಕಳವಿಲೆ ಮ್ಯಾಲೆ ತಂದ್ರ 1878ರ ದರದಾಗ ಏಳೂವರಿ ರೂಪಾಯಿ ಸುಂಕ ಉಳೀತಿತ್ತು. ಅಡವಿ ದಾರಿ ಎಷ್ಟು ಅಂತ ಕಾಯ್ತಾರ?

ಅದಕ್ಕ ಬ್ರಿಟಿಷರು ಬೇರಿಗೇ ಕೈ ಹಾಕಿದ್ರು. 1878ರ ಡಿಸೆಂಬರಿನ್ಯಾಗ ಪೋರ್ಚುಗಲ್ ಜೋಡಿ ಒಪ್ಪಂದ, 1880ರಿಂದ ಜಾರಿ, 12 ವರ್ಷದ ಕರಾರು. ಗೋವಾದ ಆಗರಗಳ ಆಡಳಿತಾನ ಬ್ರಿಟಿಷರ ಕೈಗೆ. ಬದಲಿಗೆ ಪೋರ್ಚುಗೀಜ ಸರಕಾರಕ್ಕ ವರ್ಷಕ್ಕ 4 ಲಕ್ಷ ರೂಪಾಯಿ. ಗಡಿ ಸುಂಕ ತಗದ್ರು, ರೇಲ್ವೆಗೆ ದಾರಿ ಆತು. ಆದ್ರ ಗೋವಾದ ಆಗರದವರು ತಮ್ಮ ಊರಾಗ ತಾವ ಲೈಸನ್ಸಿಗೆ ನಿಲ್ಲಬೇಕಾತು. 1892ಕ್ಕ ಒಪ್ಪಂದ ಮುಗೀತು, ಮತ್ತ ಘಟ್ಟದ ಗಡಿಗೆ ನಾಕಾಬಂದಿ. ಕ್ಯಾಸಲ್‌ರಾಕ್ ಸುಂಕದ ಠಾಣೆ ಅಂತ ಹೆಸರಾಗಿದ್ದು ಇದಕ್ಕ. ಉತ್ತರಕ್ಕ ಬೇಲಿ ಬೆಳೆಸಬೇಕಾತು, ನಮ್ಮ ಕಡೆ ಸಹ್ಯಾದ್ರಿ ಇತ್ತು, ನಾಲ್ಕು ಘಾಟಿಗೆ ಪಹರೆ ಹಾಕಿದ್ರ ಸಾಕು.

ಶಹಾಪುರ ಓಣಿ
ಕಳ್ಳ ಸೆರೆ (ದಾರೂ) ಹಿಡಿಯೋರೂ ಉಪ್ಪಿನ ಖಾತೆಯವರ ಅಂತ ಕೇಳೇನಿ, ಹೌದೇನು? ಸಾಗವಾನಿಗೂ ಅವರ?

ದಫ್ತರದಂವ
ಸಾಗವಾನಿ, ಬೀಟಿ ಅರಣ್ಯ ಖಾತೆದು, ಅದು ಬ್ಯಾರೆ. ಆದ್ರ ಉಪ್ಪು, ಅಬಕಾರಿ, ಅಫೀಮು ಮುಂಬಯಿಯೊಳಗ ಒಬ್ಬ ಕಮಿಷನರ್ ಕೆಳಗ ಇದ್ವು. 1878ರ ಅಬಕಾರಿ ಕಾಯ್ದೆ, 1890ರ ಉಪ್ಪಿನ ಕಾಯ್ದೆ. ಈಚಲ ಗಿಡಕ್ಕ ನಂಬರ್ ಹಾಕೋದು, ಉಪ್ಪಿನ ರಾಶಿಗೆ ಮುದ್ರಿ ಒತ್ತೋದು, ಎರಡೂ ಒಂದ ಬುದ್ಧಿ: ಹುಟ್ಟೋ ಜಾಗದಾಗ ಹಿಡಿ. ಅರಣ್ಯಕ್ಕ ಬ್ಯಾರೆ ಚರ್ಚೆ ತಗೀರಿ, ಇಲ್ಲಿ ಕಲಸಬ್ಯಾಡ್ರಿ.

ಸವಳು ಭೂಮಿ
ಎಲ್ಲಾರೂ ಸಮುದ್ರ, ಘಟ್ಟ ಅಂತ ಬರದ್ರಿ. “ಇಲ್ಲೂ ಏನರ ಬಂದ್ ಮಾಡಿಸಿದ್ರೋ” ಅನ್ನೋದಕ್ಕ ಯಾರೂ ಉತ್ತರ ಕೊಡಲಿಲ್ಲ. ಬಂದ್ ಮಾಡಿಸಿದ್ರು. ಮಣ್ಣಿನ ಉಪ್ಪು.

ಉಪ್ಪಾರ ಸಮಾಜದ ಮೂಲ ಕಸುಬ ಅದು. ಬಳ್ಳಾರಿ, ರಾಯಚೂರು, ನಮ್ಮ ಸೀಮಿ, ಮೈಸೂರು ಬಯಲು, ಸವಳು (ಉಪ್ಪು ಹತ್ತಿದ) ಮಣ್ಣು ಇದ್ದಲ್ಲೆಲ್ಲಾ ನಡೀತಿತ್ತು. ಪದ್ಧತಿ ಹಿಂಗ:

ಬ್ಯಾಸಗಿಯೊಳಗ ಸವಳು ನೆಲದ ಮ್ಯಾಲೆ ಬೆಳ್ಳಗ ಉಪ್ಪು ಉಬ್ಬತದ. ಅದನ್ನ ಬೆಳಗ್ಗೆ ಮೇಲಿಂದ ಮೇಲೆ ತೆಳ್ಳಗ ಕೆರದು ಕೂಡಿಹಾಕೋದು. ಆಳ ಕೆರದ್ರ ಬರೇ ಮಣ್ಣು ಬರ್ತದ, ರಸ ಪೇಲವ ಆಗ್ತದ. ಎತ್ತರ ದಿಬ್ಬದ ಮ್ಯಾಲೆ ಜೇಡಿಮಣ್ಣು ಮೆತ್ತಿದ ಗುಣಿ, ತಳದಾಗ ಕಡ್ಡಿ, ಅದರ ಮ್ಯಾಲೆ ಹುಲ್ಲು, ಮ್ಯಾಲೆ ಸವಳು ಮಣ್ಣು. ನೀರು ಹಾಕಿ ಬಿಟ್ರ ಉಪ್ಪು ಕರಗಿ, ಹುಲ್ಲಿನೊಳಗ ಸೋಸಿ, ಕೆಳಗಿನ ತೂತಿನಿಂದ ಗಡಿಗಿಗೆ ಇಳೀತದ. ನೀರು ಒಮ್ಮೆಲೆ ಸುರುವಿದ್ರ ಮಣ್ಣಾಗ ಬಿರುಕು ಬಿದ್ದು ನೀರು ಹಂಗ ಹರದು ಹೋಗ್ತದ, ಉಪ್ಪು ಹಿಡಿಯೂದಿಲ್ಲ. ನಿಧಾನಕ್ಕ ಹಾಕಬೇಕು. ಮೊದಲ ರಸ ಗಟ್ಟಿ. ಎರಡನೇ ರಸ ತೆಳು, ಅದನ್ನ ಚೆಲ್ಲೂದಿಲ್ಲ, ಮುಂದಿನ ಗುಣಿಗೆ ನೀರಿನ ಬದಲಿ ಅದನ್ನ ಹಾಕ್ತಾರ. ಗಟ್ಟಿ ರಸಾನ ಗಚ್ಚಿನ ಆಳ ಇಲ್ಲದ ಮಡಿಯೊಳಗ ಬಿಸಲಿಗೆ ಬಿಡ್ತಾರ. ಸೋಸಿದ ಮಣ್ಣು ಪಕ್ಕಕ್ಕ ಚೆಲ್ಲಿ ಚೆಲ್ಲಿ ದಿಬ್ಬ ಏರ್ತದ.

ಪೂರಾ ಒಣಗಿಸಬಾರದು. ಉಪ್ಪಿನ ಹರಳು ಕೂತ ಮ್ಯಾಲೆ ಮ್ಯಾಲಿನ ಕಹಿನೀರು ಚೆಲ್ಲಬೇಕು. ಇಲ್ಲಾಂದ್ರ ಪೆಟ್ಲುಪ್ಪು, ಮೆಗ್ನೀಸಿಯಂ ಎಲ್ಲಾ ಅದರಾಗ ಉಳದು ಕಹಿ ಬರ್ತದ. ಥಂಡಿ ಕಾಲದಾಗ ಮಾಡಿದ್ರ ರಾತ್ರಿ ಹೊತ್ತಿನ್ಯಾಗ ಸೋಡಿಯಂ ಸಲ್ಫೇಟ್ ಮೊದಲು ಹರಳಾಗ್ತದ, ತಿಂದ್ರ ಹೊಟ್ಟಿ ಝಾಡಿಸ್ತದ. ಅದಕ್ಕ ಬಿರು ಬ್ಯಾಸಗೀನ ಬೇಕು.

ಸರಕಾರಕ್ಕ ಇದು ಯಾಕ ಬ್ಯಾಡಾತು? ಒಂದು ಆಗರಕ್ಕ ಒಂದು ಬಾಗಲಾ ಹಾಕಬಹುದು. ನೂರು ಹಳ್ಳಿಯ ನೂರು ದಿಬ್ಬಕ್ಕ ಕಾವಲು ಇಡಾಕ ಬರೂದಿಲ್ಲ, ಪಗಾರಕ್ಕ ಸುಂಕಾನ ಸಾಲೂದಿಲ್ಲ. ಸುಂಕ ಹಾಕೋದು ಆಗದ್ದಕ್ಕ ಕಸುಬನ್ನ ತಗದ ಬಿಟ್ರು. “ಹೊಲಸು ಉಪ್ಪು, ಆರೋಗ್ಯಕ್ಕ ಚಲೋ ಅಲ್ಲ” ಅನ್ನೋದು ಮುಂದಿಟ್ಟ ಕಾರಣ. ಉಪ್ಪಾರರು ಗೌಂಡಿ ಕೆಲಸ, ಸುಣ್ಣ ಸುಡೋದು, ಕೆರಿ ಮಣ್ಣು ಹೊರೋದು ಹಿಡದ್ರು. ನಮ್ಮ ಸೀಮಿಗೆ ಉಪ್ಪಿನ ಹಿಡಿತದ ಖರೇ ಪೆಟ್ಟು ಇದು. ಕರ ಎಲ್ಲಾರಿಗೂ ಬಿತ್ತು, ಒಂದು ಸಮಾಜದ ಕಸುಬ ಮಾತ್ರ ಪೂರಾ ಹೋತು.

ಆಗರದ ಕಟ್ಟೆ
ತುಂಬಾ ಬೆಲೆಯುಳ್ಳ ವಿವರ. ಕಹಿನೀರಿನ ಮಾತು ಸಮುದ್ರದ ಉಪ್ಪಿಗೂ ಅದೇ. ಸಮುದ್ರದ ನೀರು ಬೊಮೆ ಮಾಪಕದಲ್ಲಿ (ನೀರಿನ ಸಾಂದ್ರತೆ ಅಳೆಯುವ ಮಾಪಕ) ಸುಮಾರು 3 ಡಿಗ್ರಿ. ಒಂದು ಗದ್ದೆಯಿಂದ ಇನ್ನೊಂದಕ್ಕೆ ಹರಿಸುತ್ತಾ ಬಂದರೆ 13ರ ಮೇಲೆ ಜಿಪ್ಸಂ ಕೂರುತ್ತದೆ, 25ಕ್ಕೆ ಉಪ್ಪು ಹರಳಾಗಲು ಶುರು. 29–30ಕ್ಕೆ ಮುಟ್ಟುವ ಮೊದಲೇ ಉಳಿದ ನೀರನ್ನು ಹೊರಬಿಡಬೇಕು. ಒಂದು ಮಣ ಉಪ್ಪಿಗೆ ಕಡಿಮೆ ಎಂದರೂ 1400 ಲೀಟರ್ ಸಮುದ್ರದ ನೀರು ಬೇಕು, ನೆಲ ಕುಡಿಯುವುದು ಬೇರೆ. ಇದೆಲ್ಲ ಡಿಸೆಂಬರಿನಿಂದ ಮೇ ಒಳಗೆ ಆಗಬೇಕು. ಒಂದು ಅಕಾಲಿಕ ಮಳೆ ಬಂದರೆ ಹದಕ್ಕೆ ಬಂದ ಗದ್ದೆ ಮತ್ತೆ ಮೊದಲಿನಿಂದ.

ಅಂಕೋಲಾದಲ್ಲಿ 1930ರ ಏಪ್ರಿಲ್ 13ರಂದು ಎಂ. ಪಿ. ನಾಡಕರ್ಣಿಯವರು ಕಾಯ್ದೆ ಮುರಿದದ್ದು ಸರಿಯಾಗಿ ಈ ಹಂಗಾಮಿನಲ್ಲಿ. ಮಳೆ ಬಂದ ಮೇಲೆ ಉಪ್ಪು ಮಾಡುವ ಹಾಗಿಲ್ಲ. ಚಳವಳಿ ಅರಣ್ಯ, ಈಚಲ ಮರ, ಕರನಿರಾಕರಣೆಯ ಕಡೆ ಹೊರಳಿದ್ದಕ್ಕೆ ಇದೂ ಒಂದು ಕಾರಣ.

ಕಲಾದಗಿ ದಾಳಿಂಬ್ರಿ
ಮುಂಬಯಿ ಕರ್ನಾಟಕದವರಿಗೆ ಅಂಕೋಲಾನ ಹತ್ರದ ಸಮುದ್ರ. ಬೆಳಗಾವಿ, ಧಾರವಾಡ, ವಿಜಾಪುರ ಕಡಿಂದ ಸತ್ಯಾಗ್ರಹಿಗಳು ಅಲ್ಲಿಗೆ ಹೋಗಿದ್ದು ಅದಕ್ಕ. ದಂಡಿ ನಡಿಗೆಯೊಳಗ ಗಾಂಧಿ ಜೋಡಿ ಹೊಂಟ ತಂಡದಾಗ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ ಇದ್ದ ಅನ್ನೋದು ಎಲ್ಲಾರಿಗೂ ಗೊತ್ತದ. ನಮ್ಮ ಸೀಮಿ ಮುಂದಾಳು ಹುದಲಿಯ ಗಂಗಾಧರರಾವ ದೇಶಪಾಂಡೆ. ಸವಳು ಭೂಮಿಯವರ ಬರಹ ಓದಿದ ಮ್ಯಾಲೆ ನನಗ ಅನಸೋದು, ಸಮುದ್ರಕ್ಕ ಹೋಗದ ಇಲ್ಲೇ ಸವಳು ಮಣ್ಣು ಸೋಸಿದ್ರೂ ಕಾಯ್ದೆ ಮುರದಂಗ ಆಗ್ತಿತ್ತು.

ಸವಳು ಭೂಮಿ
ಆಗ್ತಿತ್ತು ಅಕ್ಕಾರ. ಲೈಸನ್ಸ್ ಇಲ್ಲದ ಉಪ್ಪು ಮಾಡೋದ ಅಪರಾಧ, ಸಮುದ್ರದ ನೀರಿಂದ ಆಗಲಿ ಮಣ್ಣಿಂದ ಆಗಲಿ.

ಖಾನಾಪುರ ಘಟ್ಟ
1931ರ ಗಾಂಧಿ–ಇರ್ವಿನ್ ಒಪ್ಪಂದದಾಗ ಸಮುದ್ರ ದಡದ ಹಳ್ಳಿಯವ್ರಿಗೆ ಉಪ್ಪು ಮಾಡಾಕ ಬಿಟ್ರಲ್ಲ. ನಮ್ಮ ಸವಳು ಹಳ್ಳಿಗೆ ಅದು ತಾಗಲಿಲ್ಲ.

ದಫ್ತರದಂವ
ಅಣ್ಣಾರ, “ಸಮುದ್ರ ದಡ” ಅಂತ ಅದರಾಗ ಬರದಿಲ್ಲ. ಉಪ್ಪು ಆಯ್ಕೊಳ್ಳಾಕ ಇಲ್ಲಾ ಮಾಡಾಕ ಬರೋ ಜಾಗಕ್ಕ ಹೊಂದಿದ ಹಳ್ಳಿಗಳು ಅಂತ ಅದ. ಮನಿ ಖರ್ಚಿಗೆ ಇಲ್ಲಾ ಆ ಹಳ್ಳಿಯೊಳಗ ಮಾರಾಕ ಮಾತ್ರ, ಹೊರಗಿನವ್ರಿಗೆ ಮಾರೋಹಂಗಿಲ್ಲ. ಮಾತಿನ ಪ್ರಕಾರ ಸವಳು ಊರೂ ಇದರೊಳಗ ಬರ್ತಾವ.

ಸವಳು ಭೂಮಿ
ಬಂದ್ರೂ ಏನು ಉಪಯೋಗ? ಹೊರಗ ಮಾರೋಹಂಗಿಲ್ಲ ಅಂದ ಮ್ಯಾಲೆ ಉಪ್ಪಾರಗ ಅದು ಕಸುಬ ಆಗೂದಿಲ್ಲ. ಅಷ್ಟೊತ್ತಿಗೆ ಎರಡು ತಲೆಮಾರು ಗೌಂಡಿ ಕೆಲಸಕ್ಕ ಹೋಗಿ, ಗುಣಿ ಕಟ್ಟೋ ಹದ ತಿಳದವ್ರು ಕಮ್ಮಿ. ರೇಲ್ವೆದಾಗ ಖಾರಾಘೋಡಾ ಉಪ್ಪು, ಕೊಂಕಣದ ಉಪ್ಪು ಬರ್ತಿತ್ತು. ಕರ ಪೂರಾ ಹೋಗಿದ್ದು 1947ರ ಏಪ್ರಿಲಿನ್ಯಾಗ. ಕರ ಹೋತು, ಕಸುಬ ಬರಲಿಲ್ಲ.

ಶಹಾಪುರ ಓಣಿ
ಈಗ ಮಲಪ್ರಭಾ, ಘಟಪ್ರಭಾ ಕಾಲುವಿ ಕೆಳಗ ಎಷ್ಟೊಂದು ಹೊಲ ಸವಳು ಆಗ್ಯಾವ. ಆ ಮಣ್ಣಿಂದ ಉಪ್ಪು ತಗೀಬಹುದೇನು?

ಇಂಡಿ ಲಿಂಬಿ
ತಿನ್ನಾಕ ತಗೀಬ್ಯಾಡ್ರಿ. ಕಾಲುವಿ ಸವಳಿನ್ಯಾಗ ಗೊಬ್ಬರದ ನೈಟ್ರೇಟ್, ಔಷಧ ಎಲ್ಲಾ ಸೇರಿರ್ತದ, ಅಯೋಡಿನ್ನಂತೂ ಇರೂದಿಲ್ಲ. ಯಾವ ಸವಳು ಅಂತ ತಿಳಕೊಳ್ಳೋದು ಮಾತ್ರ ಹೊಲಕ್ಕ ಬೇಕು. ಮಣ್ಣಿನ ಮ್ಯಾಲೆ ಲಿಂಬಿ ರಸ ಹಿಂಡ್ರಿ. ಬುರುಗು ಬಂದ್ರ ಕಾರ್ಬೋನೇಟ್ ಇಲ್ಲಾ ಸುಣ್ಣದ ಅಂಶ ಅದ. ಮ್ಯಾಲಿನ ಬಿಳಿ ಪುಡಿ ಕೆಂಡದ ಮ್ಯಾಲೆ ಹಾಕಿದ್ರ ಬರೇ ಚಿಟಪಟ ಸಿಡದ್ರ ಅಡಗಿ ಉಪ್ಪಿನ ಜಾತಿ, ಸುರ್ ಅಂತ ಕೆಂಡ ಹೊಳದು ಉರದ್ರ ಪೆಟ್ಲುಪ್ಪು. ಬಿಳಿ ಸವಳಾದ್ರ ಬಸಿಗಾಲುವಿ ತಗದು ಸಿಹಿನೀರು ನಿಲ್ಲಿಸಿ ತೊಳೀಬೇಕು. ಕರ್ರಗ, ಜಿಡ್ಡು ಜಿಡ್ಡು, ರಸಸಾರ 8.5ರ ಮ್ಯಾಲಿದ್ರ ಮೊದಲು ಜಿಪ್ಸಂ, ಆಮ್ಯಾಲೆ ನೀರು. ಜಿಪ್ಸಂ ಇಲ್ಲದ ನೀರು ನಿಲ್ಲಿಸಿದ್ರ ಮಣ್ಣು ಬಿರುಸಾಗಿ ನೀರ ಇಂಗೂದಿಲ್ಲ. ಎಷ್ಟು ಹಾಕಬೇಕು ಅನ್ನೋದು ಮಣ್ಣು ಪರೀಕ್ಷೆ ಮಾಡಿಸಿದ ಮ್ಯಾಲೆ.

ಗೋಕಾಕ ಕರದಂಟು
ಸವಳು ಭೂಮಿಯವರ, ಹಳೇ ಉಪ್ಪಿನ ದಿಬ್ಬ ಗುರತು ಹಿಡಿಯೋದು ಹೆಂಗ? ನಮ್ಮ ಕಡೆ ಊರ ಹೊರಗ ಬೂದಿ ದಿಬ್ಬಾನೂ ಇರ್ತಾವ.

ಸವಳು ಭೂಮಿ
ಬೂದಿ ದಿಬ್ಬ ಹಗುರ ಇರ್ತದ, ಅಗದ್ರ ಸುಟ್ಟ ಸಗಣಿ ಪದರು, ಎಲುಬು ಸಿಗ್ತಾವ. ಉಪ್ಪಿನ ದಿಬ್ಬ ಬರೇ ತೊಳದ ಮಣ್ಣು, ಒಂದ ಬಣ್ಣ, ನಡುನಡುವ ಜೇಡಿ ಮೆತ್ತಿದ ಗುಣಿ ಅಂಚು ಕಾಣ್ತದ. ಹತ್ರದಾಗ ಹಳ್ಳ ಇಲ್ಲಾ ಬಾವಿ ಇರಲೇಬೇಕು, ನೀರಿಲ್ಲದ ಕೆಲಸ ಇಲ್ಲ. ಸುತ್ತ ನೆಲ ಸವಳು ಇರ್ತದ. ಸಿಕ್ರ ಅಗೀಬ್ಯಾಡ್ರಿ, ಫೋಟೋ ತಗದು ಊರು, ಸರ್ವೆ ನಂಬರ್ ಸಹಿತ ಇಲ್ಲಿ ಹಾಕ್ರಿ. ಮನಿ ಕಟ್ಟಾಕ ಅಂತ ಟ್ರ್ಯಾಕ್ಟರ್ ಹಚ್ಚಿ ಮಣ್ಣು ಒಯ್ಯಾಕ ಹತ್ಯಾರ, ಇದ್ದಷ್ಟರ ಲೆಕ್ಕ ಆಗಬೇಕು.